ಸೌದಿ ಇಂಧನ ಸಚಿವರ ಕುರ್ಚಿ ಮತ್ತು ಕರಾವಳಿಯ ಗಲ್ಫ್ ಮನೆಗಳು

2025ರ ನವೆಂಬರ್ 2ರಂದು ಒಪೆಕ್ ಪ್ಲಸ್ ಕೂಟದ ಎಂಟು ದೇಶಗಳು ಒಂದು ತೀರ್ಮಾನ ಮಾಡಿದವು. ಡಿಸೆಂಬರ್ ತಿಂಗಳಲ್ಲಿ ತೈಲ ಉತ್ಪಾದನೆಯನ್ನು ದಿನಕ್ಕೆ 1,37,000 ಬ್ಯಾರೆಲ್‌ನಷ್ಟು ಹೆಚ್ಚಿಸುವುದು, ಆಮೇಲೆ 2026ರ ಜನವರಿಯಿಂದ ಮಾರ್ಚ್‌ವರೆಗೆ ಏರಿಕೆಯನ್ನು ನಿಲ್ಲಿಸುವುದು. ಊರಿನ ವಾಟ್ಸ್ಆಪ್ ಗ್ರೂಪುಗಳಲ್ಲಿ ಇಂಥ ಸುದ್ದಿ ಓಡಾಡುವುದು ಕಡಿಮೆ. ಟಿಕೆಟ್ ದರ, ವೀಸಾ ನಿಯಮ, ಇಕಾಮಾ ಶುಲ್ಕ ಇವುಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರೂ ಒಪೆಕ್ ಎಂದ ಕೂಡಲೇ ಮುಂದಿನ ಮೆಸೇಜಿಗೆ ಹೋಗಿಬಿಡುತ್ತಾರೆ.

ಆದರೆ ಉಪ್ಪಳ, ಮಂಜೇಶ್ವರ, ಉಳ್ಳಾಲ, ಸುರತ್ಕಲ್, ಬಿ.ಸಿ.ರೋಡ್ ಕಡೆಯ ಎಷ್ಟೋ ಮನೆಗಳ ಗೋಡೆ, ಹೆಂಚು, ಮಗಳ ಮದುವೆ, ಮಗನ ಕಾಲೇಜು ಎಲ್ಲವೂ ನಿಂತಿರುವುದು ಇದೇ ತೈಲದ ಲೆಕ್ಕಾಚಾರದ ಮೇಲೆ. ಆ ಲೆಕ್ಕ ಹಾಕುವ ಮೇಜಿನ ತಲೆಯಲ್ಲಿ ಕೂತವರ ಹೆಸರು ರಾಜಕುಮಾರ ಅಬ್ದುಲ್ ಅಝೀಝ್ ಬಿನ್ ಸಲ್ಮಾನ್. ಸೌದಿ ಅರೇಬಿಯಾದ ಇಂಧನ ಸಚಿವ, ದೊರೆ ಸಲ್ಮಾನ್ ಅವರ ಮಗ, ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್ ಅವರ ಮಲಸಹೋದರ. ಈ ಅಧಿಕಾರಿಯ ವೃತ್ತಿಜೀವನವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಗಲ್ಫಿನ ಸಂಬಳ ಯಾವಾಗ ಏರುತ್ತದೆ, ಯಾವಾಗ ನಿಂತುಹೋಗುತ್ತದೆ ಎಂಬುದು ತಕ್ಕಮಟ್ಟಿಗೆ ಅರ್ಥವಾಗುತ್ತದೆ.

ರಾಜಮನೆತನ ದೂರ ಇಟ್ಟಿದ್ದ ಕುರ್ಚಿ

ಸೌದಿಯಲ್ಲಿ ರಕ್ಷಣೆ, ಒಳಾಡಳಿತ, ವಿದೇಶಾಂಗ ಇಂಥ ದೊಡ್ಡ ಖಾತೆಗಳು ಬಹುಕಾಲ ರಾಜಮನೆತನದವರ ಕೈಯಲ್ಲೇ ಇದ್ದವು. ತೈಲ ಖಾತೆ ಮಾತ್ರ ಹಾಗಲ್ಲ. ದೇಶದ ಅನ್ನದ ಬಟ್ಟಲೇ ತೈಲ ಆಗಿದ್ದರೂ ಅದನ್ನು ನೋಡಿಕೊಳ್ಳಲು ಸಾಮಾನ್ಯ ಮನೆತನದ ಪರಿಣತರನ್ನೇ ಕೂರಿಸುವ ಪದ್ಧತಿ ಇತ್ತು. ಮನೆತನದ ಒಂದು ಶಾಖೆಗೆ ತೈಲ ಸಿಕ್ಕಿಬಿಟ್ಟರೆ ಉಳಿದ ಶಾಖೆಗಳ ಜೊತೆ ಸಮತೋಲನ ತಪ್ಪುತ್ತದೆ ಎಂಬುದು ಒಂದು ಕಾರಣ ಎನ್ನುತ್ತಾರೆ ಬಲ್ಲವರು. ಇನ್ನೊಂದು ಕಾರಣ ಸರಳ. ಬೆಲೆ ಬಿದ್ದಾಗ ಯಾರನ್ನಾದರೂ ತೆಗೆಯಬೇಕಲ್ಲ, ರಾಜಕುಮಾರನನ್ನು ತೆಗೆಯುವುದಕ್ಕಿಂತ ಅಧಿಕಾರಿಯನ್ನು ತೆಗೆಯುವುದು ಸುಲಭ.

ಹಾಗೆ ತೆಗೆದದ್ದೂ ಉಂಟು. ಮೊದಲ ತೈಲ ಸಚಿವ ಅಬ್ದುಲ್ಲಾ ತಾರೀಖಿ 1960ರಲ್ಲಿ ಬಗ್ದಾದ್‌ನಲ್ಲಿ ಒಪೆಕ್ ಹುಟ್ಟಲು ಕಾರಣರಾದವರಲ್ಲಿ ಒಬ್ಬರು. ಎರಡು ವರ್ಷ ಕಳೆಯುವಷ್ಟರಲ್ಲಿ ಕುರ್ಚಿ ಕಳೆದುಕೊಂಡರು. ಅವರ ನಂತರ ಬಂದ ಅಹ್ಮದ್ ಝಕಿ ಯಮಾನಿ 1962ರಿಂದ 1986ರವರೆಗೆ 24 ವರ್ಷ ಕೂತರು. 1973ರ ತೈಲ ನಿರ್ಬಂಧದ ಕಾಲದಲ್ಲಿ ಇಡೀ ಜಗತ್ತು ಗುರುತಿಸಿದ ಮುಖ ಅವರದ್ದು. 1986ರಲ್ಲಿ ಬೆಲೆ ಕುಸಿದಾಗ ಅವರನ್ನು ವಜಾ ಮಾಡಲಾಯಿತು, ಆ ಸುದ್ದಿ ಅವರಿಗೆ ತಿಳಿದದ್ದೇ ಟಿವಿಯಿಂದ ಎನ್ನುತ್ತಾರೆ. ಅವರ ಬಳಿಕ ಹಿಶಾಮ್ ನಾಝಿರ್, 1995ರಿಂದ ಅಲಿ ಅಲ್ ನುಐಮಿ.

ನುಐಮಿ ಅವರ ಕತೆ ಯುವಕರಿಗೆ ಗೊತ್ತಿರಬೇಕಾದದ್ದು. 1935ರಲ್ಲಿ ಪೂರ್ವ ಪ್ರಾಂತ್ಯದ ಬಡ ಕುಟುಂಬದಲ್ಲಿ ಹುಟ್ಟಿದ ಹುಡುಗ, ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದವನು, 12ನೇ ವಯಸ್ಸಿಗೆ ಅರಾಮ್ಕೊ ಕಂಪೆನಿಗೆ ಆಫೀಸ್ ಬಾಯ್ ಆಗಿ ಸೇರಿದ. ಆಗ ಕಂಪೆನಿ ಅಮೆರಿಕನ್ನರದ್ದು. ಕಂಪೆನಿಯ ಶಾಲೆಯಲ್ಲೇ ಓದಿ, ಕಂಪೆನಿಯ ಖರ್ಚಿನಲ್ಲೇ ಅಮೆರಿಕಕ್ಕೆ ಹೋಗಿ ಭೂವಿಜ್ಞಾನ ಕಲಿತು, 1984ರಲ್ಲಿ ಅದೇ ಕಂಪೆನಿಗೆ ಅಧ್ಯಕ್ಷರಾದ ಮೊದಲ ಸೌದಿ ಎನಿಸಿಕೊಂಡರು. ಸಚಿವರಾಗಿ 21 ವರ್ಷ ನಡೆಸಿ 2016ರ ಮೇ ತಿಂಗಳಲ್ಲಿ ಕೆಳಗಿಳಿದರು. ಸ್ಥಳೀಯರಿಗೆ ತರಬೇತಿ ಕೊಟ್ಟು ಮೇಲೆ ತರುವುದು ಅಂದರೆ ಏನು ಎಂಬುದಕ್ಕೆ ಇವರೇ ಉದಾಹರಣೆ. ಇವತ್ತು ನಿತಾಕಾತ್ ಎಂದಾಕ್ಷಣ ಗಲ್ಫ್ ಕನ್ನಡಿಗರ ಎದೆ ಧಸಕ್ಕೆನ್ನುತ್ತದೆ. ಆ ಯೋಚನೆಯ ಬೇರು ಮಾತ್ರ ಅರಾಮ್ಕೊದ ಈ ಹಳೆಯ ತರಗತಿಗಳಷ್ಟು ಹಿಂದಕ್ಕೆ ಹೋಗುತ್ತದೆ.

ನುಐಮಿ ನಂತರ ಬಂದ ಖಾಲಿದ್ ಅಲ್ ಫಾಲಿಹ್ ಕೂಡ ಅರಾಮ್ಕೊದ ಗರಡಿಯಲ್ಲೇ ಬೆಳೆದವರು. ಮೂರೇ ವರ್ಷದಲ್ಲಿ ಅವರ ಸರದಿಯೂ ಮುಗಿಯಿತು. 2019ರ ಆಗಸ್ಟ್ ಕೊನೆಯಲ್ಲಿ ಅವರ ಖಾತೆಯಿಂದ ಕೈಗಾರಿಕೆ ಮತ್ತು ಗಣಿಯನ್ನು ಬೇರ್ಪಡಿಸಿದರು, ಸೆಪ್ಟೆಂಬರ್ ಆರಂಭದಲ್ಲಿ ಅರಾಮ್ಕೊ ಅಧ್ಯಕ್ಷ ಸ್ಥಾನ ಹೋಯಿತು, ಸೆಪ್ಟೆಂಬರ್ 8ರಂದು ಸಚಿವ ಸ್ಥಾನವೂ ಹೋಯಿತು. ಅದೇ ದಿನ ಅಬ್ದುಲ್ ಅಝೀಝ್ ಬಿನ್ ಸಲ್ಮಾನ್ ಆ ಕುರ್ಚಿಗೆ ಬಂದ ಮೊದಲ ರಾಜಕುಮಾರ ಆದರು.

32 ವರ್ಷದ ಕಡತ

ದೊರೆಯ ಮಗ, ಹಾಗಾಗಿ ಸಚಿವನಾದ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಅದು ಅರ್ಧ ಸತ್ಯ. 1960ರಲ್ಲಿ, ಅಂದರೆ ಒಪೆಕ್ ಹುಟ್ಟಿದ ವರ್ಷವೇ ಹುಟ್ಟಿದ ಇವರು ಓದಿದ್ದು ದಹ್ರಾನ್‌ನ ಕಿಂಗ್ ಫಹದ್ ಪೆಟ್ರೋಲಿಯಂ ಮತ್ತು ಖನಿಜ ವಿಶ್ವವಿದ್ಯಾನಿಲಯದಲ್ಲಿ. ಕೈಗಾರಿಕಾ ನಿರ್ವಹಣೆಯಲ್ಲಿ ಪದವಿ, ನಂತರ ಎಂಬಿಎ. 1987ರಲ್ಲಿ ತೈಲ ಸಚಿವಾಲಯಕ್ಕೆ ಸಲಹೆಗಾರರಾಗಿ ಸೇರಿದರು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, ಸಹಾಯಕ ಸಚಿವ, 2015ರಲ್ಲಿ ಉಪ ಸಚಿವ, 2017ರಲ್ಲಿ ಇಂಧನ ವ್ಯವಹಾರಗಳ ರಾಜ್ಯ ಸಚಿವ. ಸಚಿವಾಲಯಕ್ಕೆ ಸೇರಿ ಸಚಿವನಾಗುವ ಹೊತ್ತಿಗೆ 32 ವರ್ಷ ಕಳೆದಿತ್ತು.

ಅಷ್ಟು ವರ್ಷ ಒಪೆಕ್ ಸಭೆಗಳಲ್ಲಿ ಸಚಿವರ ಪಕ್ಕದ ಕುರ್ಚಿಯಲ್ಲಿ ಕೂತು, ಯಾವ ದೇಶ ಎಷ್ಟು ಸುಳ್ಳು ಲೆಕ್ಕ ಕೊಡುತ್ತದೆ, ಯಾರು ಒಪ್ಪಿ ಆಮೇಲೆ ಮಾತು ತಪ್ಪುತ್ತಾರೆ ಎಂಬುದನ್ನೆಲ್ಲ ಕಂಡವರು. ದೇಶದೊಳಗೆ ಇಂಧನ ಪೋಲು ತಡೆಯುವ ಕಾರ್ಯಕ್ರಮದ ನೇತೃತ್ವವನ್ನೂ ವಹಿಸಿದ್ದರು. ಸೌದಿಯಲ್ಲಿರುವವರಿಗೆ ಇದರ ಬಿಸಿ ಗೊತ್ತು. 2015ರವರೆಗೆ 91 ನಂಬರಿನ ಪೆಟ್ರೋಲು ಲೀಟರಿಗೆ 45 ಹಲಾಲ ಇತ್ತು. 2018ರಲ್ಲಿ 1.37 ರಿಯಾಲ್ ಆಯಿತು, 2021ರ ಜುಲೈಯಲ್ಲಿ 2.18 ರಿಯಾಲಿಗೆ ಗರಿಷ್ಠ ಮಿತಿ ಹಾಕಬೇಕಾಯಿತು.

ಹಾಗಾದರೆ ಇವರಿಗೂ ಹಿಂದಿನವರಿಗೂ ವ್ಯತ್ಯಾಸ ಏನು? ಯಮಾನಿಗೆ, ಫಾಲಿಹ್‌ಗೆ ಪರಿಣತಿ ಇತ್ತು, ಆದರೆ ಅರಮನೆಯ ಅಂತಿಮ ಮಾತು ಬೇರೆಯವರ ಕೈಯಲ್ಲಿತ್ತು. ಅಬ್ದುಲ್ ಅಝೀಝ್ ಮಾತಾಡಿದರೆ ಅದು ಅರಮನೆಯ ಮಾತೇ ಎಂದು ಪೇಟೆ ನಂಬುತ್ತದೆ. ಅವರಿಗೆ ಬಲ ಬಂದಿರುವುದು ಅಲ್ಲಿಂದ. ತೊಂದರೆಯೂ ಅಲ್ಲಿಂದಲೇ. ತೈಲದ ತೀರ್ಮಾನ ತಪ್ಪಿದರೆ ದೂರುವುದಕ್ಕೆ ಈಗ ಅರಮನೆಯ ಹೊರಗಿನ ಅಧಿಕಾರಿ ಇಲ್ಲ.

ಆರನೇ ದಿನದ ಪರೀಕ್ಷೆ

ಕುರ್ಚಿಗೆ ಬಂದು ಆರನೇ ದಿನ, 2019ರ ಸೆಪ್ಟೆಂಬರ್ 14ರಂದು, ಅಬ್ಖೈಖ್ ಮತ್ತು ಖುರೈಸ್ ಸ್ಥಾವರಗಳ ಮೇಲೆ ಡ್ರೋನ್ ಮತ್ತು ಕ್ಷಿಪಣಿ ದಾಳಿ ಆಯಿತು. ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ಒಂದೇ ಬೆಳಗ್ಗೆ ನಿಂತುಹೋಯಿತು. ಜಗತ್ತಿನ ಪೂರೈಕೆಯಲ್ಲಿ ಅದು ಸುಮಾರು ಶೇ. 5. ಮೂರು ದಿನದ ನಂತರ ಜಿದ್ದಾದಲ್ಲಿ ಪತ್ರಿಕಾಗೋಷ್ಠಿ ಕರೆದ ಹೊಸ ಸಚಿವರು, ದಾಸ್ತಾನಿನಿಂದ ಗ್ರಾಹಕರಿಗೆ ಪೂರೈಕೆ ಮುಂದುವರಿದಿದೆ, ನವೆಂಬರ್ ಕೊನೆಗೆ ಪೂರ್ಣ ಸಾಮರ್ಥ್ಯ ಮರಳುತ್ತದೆ ಎಂದರು. ಡಿಸೆಂಬರ್‌ನಲ್ಲಿ ಅರಾಮ್ಕೊದ ಷೇರು ಬಿಡುಗಡೆ ಆಗಿ 25.6 ಬಿಲಿಯನ್ ಡಾಲರ್ ಸಂಗ್ರಹವಾಯಿತು.

ಮುಂದಿನ ಪರೀಕ್ಷೆ ಅದಕ್ಕಿಂತ ದೊಡ್ಡದು. 2020ರ ಮಾರ್ಚ್ 6ರಂದು ವಿಯೆನ್ನಾದಲ್ಲಿ ಉತ್ಪಾದನೆ ಕಡಿತಕ್ಕೆ ರಷ್ಯಾ ಒಪ್ಪಲಿಲ್ಲ. ಸೌದಿ ಮುನಿಸಿಕೊಂಡು ಟ್ಯಾಪು ಪೂರ್ತಿ ತೆರೆಯಿತು. ಅತ್ತ ಕೊರೋನ, ಇತ್ತ ತೈಲದ ಪ್ರವಾಹ. ಏಪ್ರಿಲ್ 20ರಂದು ಅಮೆರಿಕದ ತೈಲದ ಮುಂಗಡ ಬೆಲೆ ಬ್ಯಾರೆಲಿಗೆ ಮೈನಸ್ 37 ಡಾಲರಿಗೆ ಇಳಿಯಿತು. ಅಂದರೆ ತೈಲ ಇದ್ದವರೇ ದುಡ್ಡು ಕೊಟ್ಟು ಅದನ್ನು ಸಾಗಹಾಕುವ ಸ್ಥಿತಿ. ಅದಕ್ಕೂ ಎಂಟು ದಿನ ಮೊದಲೇ ಒಪೆಕ್ ಪ್ಲಸ್ ದೇಶಗಳು ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತಕ್ಕೆ ಸಹಿ ಹಾಕಿದ್ದವು. ಇಷ್ಟು ದೊಡ್ಡ ಕಡಿತ ಹಿಂದೆಂದೂ ಆಗಿರಲಿಲ್ಲ. ಜಗಳ ಶುರು ಮಾಡಿದವರಲ್ಲೂ ಇವರಿದ್ದರು, ರಾಜಿ ಮಾಡಿಸಿದವರಲ್ಲೂ ಇವರಿದ್ದರು.

ಅಲ್ಲಿಂದ ಇವರ ಪದ್ಧತಿ ಸ್ಪಷ್ಟವಾಯಿತು. ಬೇಡಿಕೆ ಕುಸಿಯುವ ಮೊದಲೇ ಪೂರೈಕೆ ತಗ್ಗಿಸಬೇಕು, ಬೇರೆಯವರು ಹಿಂದೆ ಸರಿದರೆ ಸೌದಿಯೇ ಸ್ವಂತ ಪಾಲಿನಿಂದ ಕಡಿಮೆ ಮಾಡಬೇಕು, ಬೆಲೆ ಬೀಳುತ್ತದೆಂದು ಪಣ ಕಟ್ಟುವ ದಲ್ಲಾಳಿಗಳನ್ನು ಬಹಿರಂಗವಾಗಿ ಗದರಿಸಬೇಕು. 2022ರ ಅಕ್ಟೋಬರ್‌ನಲ್ಲಿ 20 ಲಕ್ಷ ಬ್ಯಾರೆಲ್ ಕಡಿತ ಘೋಷಿಸಿದಾಗ, ಕೆಲವೇ ತಿಂಗಳ ಹಿಂದೆ ಜಿದ್ದಾಕ್ಕೆ ಬಂದುಹೋಗಿದ್ದ ಅಮೆರಿಕದ ಅಧ್ಯಕ್ಷ ಬೈಡನ್ ಇದರ ಪರಿಣಾಮ ಎದುರಿಸಬೇಕಾಗುತ್ತದೆ ಎಂದು ಸಿಡಿದರು. ರಿಯಾದ್ ಬಗ್ಗಲಿಲ್ಲ. 2023ರ ಜುಲೈಯಿಂದ ಸೌದಿ ಒಂದೇ ದೇಶ ಇನ್ನೂ 10 ಲಕ್ಷ ಬ್ಯಾರೆಲ್ ತಗ್ಗಿಸಿ ಉತ್ಪಾದನೆಯನ್ನು ಸುಮಾರು 90 ಲಕ್ಷಕ್ಕೆ ಇಳಿಸಿತು. ಆ ತೀರ್ಮಾನದ ಸಭೆಗೆ ಕೆಲವು ದೊಡ್ಡ ಅಂತಾರಾಷ್ಟ್ರೀಯ ಸುದ್ದಿಸಂಸ್ಥೆಗಳ ವರದಿಗಾರರನ್ನು ಒಳಗೇ ಬಿಡಲಿಲ್ಲ.

ಪಾದೂರಿನ ಗುಹೆಯೂ ಒಂದು ಜಗಳದಲ್ಲಿ

ಈ ಸಚಿವರಿಗೂ ಕರಾವಳಿಗೂ ನೇರ ಸಂಬಂಧ ಬಂದ ಒಂದು ಸಂದರ್ಭ ಇದೆ. ಹೆಚ್ಚಿನವರು ಗಮನಿಸಲಿಲ್ಲ.

ಭಾರತದ ತುರ್ತು ತೈಲ ದಾಸ್ತಾನು ಮೂರು ಕಡೆ ಬಂಡೆ ಕೊರೆದು ಮಾಡಿದ ನೆಲದಡಿ ಗುಹೆಗಳಲ್ಲಿದೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಅಂದರೆ ದೇಶದ ತುರ್ತು ದಾಸ್ತಾನಿನ ನಾಲ್ಕರಲ್ಲಿ ಮೂರು ಪಾಲು ಜಾಗ ಇರುವುದು ಅವಿಭಜಿತ ದಕ್ಷಿಣ ಕನ್ನಡದ ನೆಲದೊಳಗೆ. ಮೂರೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು.

2020ರ ಏಪ್ರಿಲ್ ಮೇ ತಿಂಗಳಲ್ಲಿ ಬೆಲೆ ನೆಲಕಚ್ಚಿದಾಗ ಭಾರತ ಸುಮಾರು 1.67 ಕೋಟಿ ಬ್ಯಾರೆಲ್ ತೈಲವನ್ನು ಸರಾಸರಿ 19 ಡಾಲರಿನಂತೆ ಕೊಂಡು ಈ ಗುಹೆಗಳನ್ನು ತುಂಬಿಸಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ಬೆಲೆ 65 ಡಾಲರ್ ದಾಟಿತ್ತು. ಆಗಿನ ಪೆಟ್ರೋಲಿಯಂ ಸಚಿವ ಧರ್ಮೇಂದ್ರ ಪ್ರಧಾನ್ ಉತ್ಪಾದನೆ ಹೆಚ್ಚಿಸಿ ಎಂದು ಒಪೆಕ್ ದೇಶಗಳನ್ನು ಕೇಳಿಕೊಂಡರು. ಅಬ್ದುಲ್ ಅಝೀಝ್ ಕೊಟ್ಟ ಉತ್ತರ: ಹೋದ ವರ್ಷ ಅಗ್ಗದಲ್ಲಿ ಕೊಂಡಿಟ್ಟಿದ್ದೀರಲ್ಲ, ಅದನ್ನು ತೆಗೆದು ಬಳಸಿ. ಒಂದು ಹಳೆಯ ಮಿತ್ರದೇಶ ಹೀಗೆ ಮಾತಾಡುವುದು ಸರಿಯಲ್ಲ ಎಂದು ದಿಲ್ಲಿ ಬೇಸರ ತೋಡಿಕೊಂಡಿತು, ಸರ್ಕಾರಿ ಕಂಪೆನಿಗಳು ಸೌದಿ ಖರೀದಿ ತಗ್ಗಿಸಿದವು. ವರ್ಷ ಕಳೆಯುವಷ್ಟರಲ್ಲಿ ಉಕ್ರೇನ್ ಯುದ್ಧ ಬಂತು. ಯುದ್ಧಕ್ಕೆ ಮೊದಲು ಭಾರತದ ಆಮದಿನಲ್ಲಿ ಶೇ. 2ರಷ್ಟೂ ಇರದಿದ್ದ ರಷ್ಯಾದ ಪಾಲು ಮೂರನೇ ಒಂದು ಭಾಗ ದಾಟಿತು. 2025ರ ಅಕ್ಟೋಬರ್‌ನಲ್ಲಿ ರಷ್ಯಾದ ರೋಸ್ನೆಫ್ಟ್ ಮತ್ತು ಲುಕಾಯಿಲ್ ಕಂಪೆನಿಗಳ ಮೇಲೆ ಅಮೆರಿಕ ನಿರ್ಬಂಧ ಹಾಕಿದ ಮೇಲೆ ಭಾರತದ ಕಂಪೆನಿಗಳ ಕಣ್ಣು ಪುನಃ ಕೊಲ್ಲಿಯ ಕಡೆ ಹೊರಳಿತು.

ಬಂಕಿಗೆ ಬಾರದ ಲಾಭ

ಇಲ್ಲಿ ಒಂದು ಸಾಮಾನ್ಯ ನಂಬಿಕೆಯನ್ನು ಪರೀಕ್ಷಿಸಬೇಕು. ತೈಲ ಅಗ್ಗವಾದರೆ ಊರಿನವರಿಗೆ ಲಾಭ, ಗಲ್ಫಿನವರಿಗೆ ನಷ್ಟ. ದುಬಾರಿಯಾದರೆ ಅದರ ತಿರುವುಮುರುವು. ಹಾಗಾಗಿ ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಯಲ್ಲಿ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಅಂತ ಹಲವರ ಎಣಿಕೆ. ಕಳೆದ ಐದಾರು ವರ್ಷದ ಅನುಭವ ಹಾಗೆ ಹೇಳುವುದಿಲ್ಲ.

2020ರ ಮೇ ತಿಂಗಳಲ್ಲಿ ಕಚ್ಚಾ ತೈಲ ನೀರಿಗಿಂತ ಅಗ್ಗವಾಗಿದ್ದಾಗ ಕೇಂದ್ರ ಸರ್ಕಾರ ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ತೆರಿಗೆ ಏರಿಸಿತು. ಅಗ್ಗದ ಲಾಭ ಬಂಕಿಗೆ ಬರುವ ಮೊದಲೇ ಖಜಾನೆಗೆ ಹೋಯಿತು. 2022ರಲ್ಲಿ ಬೆಲೆ ಏರಿದಾಗ ಮಾರ್ಚ್ 22ರಿಂದ ಏಪ್ರಿಲ್ 6ರ ನಡುವೆ ಲೀಟರಿಗೆ 10 ರೂಪಾಯಿ ಏರಿತು. ಆಮೇಲೆ ತೆರಿಗೆ ಸ್ವಲ್ಪ ಇಳಿಸಿದರು, ನಿಜ. 2024ರ ಚುನಾವಣೆಗೆ ಮೊದಲು 2 ರೂಪಾಯಿ ಇಳಿಯಿತು, ಅದೂ ನಿಜ. ಆದರೆ 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಕುಸಿಯತೊಡಗಿದ ಕೂಡಲೇ ಅಬಕಾರಿ ಸುಂಕ ಪುನಃ 2 ರೂಪಾಯಿ ಏರಿತು, ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಹೆಚ್ಚಾಯಿತು. ರಾಜ್ಯ ಸರ್ಕಾರಗಳೂ ಹಿಂದೆ ಬಿದ್ದಿಲ್ಲ. ಕರ್ನಾಟಕ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿತು, ಕೇರಳ 2023ರಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತು. ಕಾಸರಗೋಡು ಕಡೆಯವರು ತಲಪಾಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುವುದು ಇದೇ ತೆರಿಗೆಗಳ ವ್ಯತ್ಯಾಸದಿಂದ. ರಿಯಾದ್‌ನ ತೀರ್ಮಾನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಂದರೆ ತೈಲ ದುಬಾರಿಯಾದರೆ ಬಂಕಿನಲ್ಲಿ ನೋವು ಬೇಗ ತಲುಪುತ್ತದೆ. ಅಗ್ಗವಾದರೆ ಲಾಭ ತಲುಪುವುದೇ ಇಲ್ಲ, ತಲುಪಿದರೂ ಚಿಲ್ಲರೆ ಕಾಸು. ಗಲ್ಫಿನ ಕಡೆ ನೋಡಿದರೆ ಅಗ್ಗದ ತೈಲದ ಹೊಡೆತ ಮಾತ್ರ ಪೂರ್ತಿಯಾಗಿ ತಲುಪುತ್ತದೆ.

ಬ್ಯಾರೆಲಿನಿಂದ ಲೇಬರ್ ಕ್ಯಾಂಪಿಗೆ

ಆ ಹೊಡೆತ ತಲುಪುವ ದಾರಿ ಹೀಗೆ. ಸೌದಿ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ತೈಲದಿಂದ. ಆ ಹಣದಿಂದ ರಸ್ತೆ, ಆಸ್ಪತ್ರೆ, ಹೊಸ ನಗರಗಳ ಗುತ್ತಿಗೆ. ಗುತ್ತಿಗೆದಾರರಿಂದ ಉಪಗುತ್ತಿಗೆ, ಉಪಗುತ್ತಿಗೆದಾರರಿಂದ ಸಂಬಳ. ಬೆಲೆ ಬಿದ್ದರೆ ಮೊದಲು ಆಗುವುದು ಸರ್ಕಾರದ ಬಿಲ್ ಪಾವತಿ ತಡ. ಅದು ಎರಡು ಮೂರು ತಿಂಗಳಲ್ಲಿ ಸಂಬಳದ ತಡವಾಗುತ್ತದೆ. ಆಮೇಲೆ ಓವರ್‌ಟೈಮ್ ಕಟ್, ಆಮೇಲೆ ಎಕ್ಸಿಟ್.

2014ರ ನವೆಂಬರ್ 27ರಂದು ನುಐಮಿ ಸಚಿವರಾಗಿದ್ದಾಗ ಒಪೆಕ್ ಉತ್ಪಾದನೆ ಕಡಿತ ಮಾಡದಿರಲು ನಿರ್ಧರಿಸಿತು. ಅಮೆರಿಕದ ಶೇಲ್ ತೈಲ ಕಂಪೆನಿಗಳು ಅಗ್ಗದ ಬೆಲೆಗೆ ತಾಳಲಾರದೆ ಮುಚ್ಚಲಿ ಎಂಬುದು ಎಣಿಕೆ. ಆ ವರ್ಷದ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ಬೆಲೆ 2016ರ ಜನವರಿಗೆ 30 ಡಾಲರಿಗಿಂತ ಕೆಳಕ್ಕೆ ಹೋಯಿತು. ಶೇಲ್ ಸಾಯಲಿಲ್ಲ. ಸತ್ತದ್ದು ಸೌದಿ ಓಜರ್‌ನಂಥ ಗುತ್ತಿಗೆ ಕಂಪೆನಿಗಳು. ಬಿನ್‌ಲಾದಿನ್ ಗ್ರೂಪ್ ಹತ್ತಾರು ಸಾವಿರ ಕಾರ್ಮಿಕರನ್ನು ಮನೆಗೆ ಕಳಿಸಿತು. 2016ರ ಜುಲೈ ಆಗಸ್ಟ್‌ನಲ್ಲಿ ಸಾವಿರಾರು ಭಾರತೀಯ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳ ಇಲ್ಲದೆ, ಊಟಕ್ಕೂ ಗತಿಯಿಲ್ಲದೆ ಕ್ಯಾಂಪುಗಳಲ್ಲಿ ಸಿಕ್ಕಿಬಿದ್ದರು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರಿಗೆ ಊಟ ತಲುಪಿಸುವ ವ್ಯವಸ್ಥೆ ಮಾಡಿಸಿ, ರಾಜ್ಯ ಸಚಿವ ವಿ.ಕೆ. ಸಿಂಗ್ ಅವರನ್ನು ಅಲ್ಲಿಗೆ ಕಳಿಸಬೇಕಾಯಿತು.

ಅದೇ ವರ್ಷ ಮೊಬೈಲ್ ಅಂಗಡಿಗಳ ಕೆಲಸ ಪೂರ್ತಿ ಸೌದಿಗಳಿಗೆ ಮೀಸಲಾಯಿತು. ಕಾಸರಗೋಡು, ಮಂಗಳೂರು ಕಡೆಯ ಎಷ್ಟೋ ಯುವಕರ ಅಂಗಡಿ ಒಂದೇ ಏಟಿಗೆ ಬಾಗಿಲು ಮುಚ್ಚಿತು. 2017ರ ಜುಲೈಯಿಂದ ಫ್ಯಾಮಿಲಿ ಲೆವಿ ಬಂತು. ಮನೆಯ ತಲಾ ಒಬ್ಬರಿಗೆ ತಿಂಗಳಿಗೆ 100 ರಿಯಾಲಿನಿಂದ ಶುರುವಾಗಿ 2020ಕ್ಕೆ 400 ರಿಯಾಲ್. ಹೆಂಡತಿ ಮತ್ತು ಮೂರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್. ಮಧ್ಯಮ ಸಂಬಳದವರು ಸಂಸಾರವನ್ನು ಊರಿಗೆ ಕಳಿಸಿ ಪುನಃ ಬ್ಯಾಚುಲರ್ ರೂಮಿಗೆ ಮರಳಿದರು. ದಮ್ಮಾಮ್‌ನಲ್ಲಿ, ಜುಬೈಲ್‌ನಲ್ಲಿ ಓದುತ್ತಿದ್ದ ಮಕ್ಕಳು ವರ್ಷದ ನಡುವೆ ಊರಿನ ಶಾಲೆಗೆ ಬಂದು ಸೇರಿದರು. 2018ರಲ್ಲಿ ಶೇ. 5 ಇದ್ದ ವ್ಯಾಟ್ 2020ರ ಜುಲೈಯಲ್ಲಿ ಶೇ. 15 ಆಯಿತು, ಅದೂ ತೈಲ ಕುಸಿದ ವರ್ಷವೇ.

ಲೆವಿ ಹಾಕಿದ್ದು, ವ್ಯಾಟ್ ಏರಿಸಿದ್ದು ಇಂಧನ ಸಚಿವಾಲಯ ಅಲ್ಲ, ಅದು ಹಣಕಾಸು ಖಾತೆಯ ಕೆಲಸ. ಆದರೆ ಆ ಖಾತೆ ಜೇಬು ತಡಕಾಡುವ ಸ್ಥಿತಿ ಬಂದದ್ದು ತೈಲದ ಬೆಲೆಯಿಂದ. 2014ರ ಆ ತೀರ್ಮಾನದ ಬಿಲ್ ಕೊನೆಗೆ ಯಾರ ಯಾರ ಮನೆಗೆ ಬಂತು ಎಂಬುದನ್ನು ಕರಾವಳಿಯ ಉಮ್ಮಂದಿರು ಲೆಕ್ಕ ಪುಸ್ತಕ ಇಲ್ಲದೆಯೇ ಹೇಳುತ್ತಾರೆ.

2025ರಲ್ಲಿ ದಿಕ್ಕು ಬದಲಾಯಿತು

ಹೀಗಾಗಿ ಅಬ್ದುಲ್ ಅಝೀಝ್ ಅವರ ಕಡಿತ ನೀತಿ, ಭಾರತದ ಪೇಟೆಗೆ ಕಹಿಯಾಗಿದ್ದರೂ, ಗಲ್ಫಿನ ದುಡಿಮೆಗೆ ಒಂದು ರೀತಿಯ ತಡೆಗೋಡೆ ಆಗಿತ್ತು. 2021ರಿಂದ 2024ರವರೆಗೆ ಬೆಲೆ ಹೆಚ್ಚುಕಡಿಮೆ 70 ಡಾಲರ್ ಮೇಲೆಯೇ ನಿಂತಿತು, ಯೋಜನೆಗಳು ನಡೆದವು, ಹೊಸ ವೀಸಾಗಳು ಬಂದವು.

ಆದರೆ ಆ ನೀತಿಗೂ ಬೆಲೆ ತೆರಬೇಕಾಯಿತು. ಸೌದಿ ತನ್ನ ಪಾಲು ಬಿಟ್ಟುಕೊಟ್ಟಾಗಲೆಲ್ಲ ಅಮೆರಿಕ, ಬ್ರೆಝಿಲ್, ಗಯಾನಾ ಆ ಜಾಗ ತುಂಬಿದವು. ಕೂಟದೊಳಗೇ ಇರಾಕ್, ಕಝಕಿಸ್ತಾನ್ ಕೋಟಾ ಮೀರಿ ತೆಗೆದವು. ತ್ಯಾಗ ಒಬ್ಬರದ್ದು, ಲಾಭ ಎಲ್ಲರದ್ದು ಎಂಬ ಅಸಮಾಧಾನ ರಿಯಾದ್‌ನಲ್ಲಿ ಬೆಳೆಯಿತು. 2025ರ ಏಪ್ರಿಲ್‌ನಿಂದ ದಿಕ್ಕು ಬದಲಾಯಿತು. ಹಿಂದೆ ತಗ್ಗಿಸಿದ್ದ ದಿನಕ್ಕೆ 22 ಲಕ್ಷ ಬ್ಯಾರೆಲ್ ಸೆಪ್ಟೆಂಬರ್ ಹೊತ್ತಿಗೆ ಮರಳಿ ಪೇಟೆಗೆ ಬಂತು, ಅಕ್ಟೋಬರ್‌ನಿಂದ ಇನ್ನೊಂದು ಕಂತು ಬಿಚ್ಚತೊಡಗಿತು. ಜನವರಿಯಲ್ಲಿ 80 ಡಾಲರ್ ಆಸುಪಾಸಿನಲ್ಲಿದ್ದ ಬ್ರೆಂಟ್ ತೈಲ ವರ್ಷಾಂತ್ಯಕ್ಕೆ 60ರ ಆರಂಭದ ಅಂಕಿಗಳಲ್ಲಿ ಓಡಾಡುತ್ತಿತ್ತು.

ಸೌದಿ ಬಜೆಟ್ ಸರಿದೂಗಬೇಕಾದರೆ 90 ಡಾಲರಿಗೂ ಹೆಚ್ಚು ಬೆಲೆ ಬೇಕೆಂದು ಅಂತಾರಾಷ್ಟ್ರೀಯ ಹಣಕಾಸು ನಿಧಿ ಅಂದಾಜು ಮಾಡಿತ್ತು. 2025ರ ಬಜೆಟ್ ಕೊರತೆ 245 ಬಿಲಿಯನ್ ರಿಯಾಲ್ ತಲುಪುತ್ತದೆಂದು ಸೌದಿ ಹಣಕಾಸು ಸಚಿವಾಲಯವೇ ಅಂದಾಜು ಮಾಡಿತ್ತು. 2026ಕ್ಕೆ 165 ಬಿಲಿಯನ್ ರಿಯಾಲ್ ಕೊರತೆಯ ಅಂದಾಜು ಇತ್ತು. ಹಾಗೆಂದು 2016ರ ಪರಿಸ್ಥಿತಿಯೇ ಮರುಕಳಿಸುತ್ತದೆ ಎನ್ನಲಾಗದು. ಈಗ ಸೌದಿ ಸಾಲ ಎತ್ತುವ ದಾರಿಗಳನ್ನು ಬೆಳೆಸಿಕೊಂಡಿದೆ, ತೈಲೇತರ ಆದಾಯ ಹೆಚ್ಚಿದೆ, 2034ರ ಫುಟ್‌ಬಾಲ್ ವಿಶ್ವಕಪ್ ಮತ್ತು ರಿಯಾದ್‌ನ ಎಕ್ಸ್‌ಪೋ 2030ಕ್ಕೆ ಕಟ್ಟಲೇಬೇಕಾದ ಕಾಮಗಾರಿಗಳಿವೆ. ಆದರೆ ನಿಯೋಮ್‌ನಂಥ ಮಹಾಯೋಜನೆಗಳ ವೇಗ ಈಗಾಗಲೇ ತಗ್ಗಿದೆ. ಮರುಭೂಮಿಯ ಹೊಸ ನಗರಕ್ಕಿಂತ ತಾರೀಖು ನಿಗದಿಯಾದ ಕಾಮಗಾರಿಗೆ ಹಣ ಮೊದಲು ಹೋಗುತ್ತದೆ. ಯಾವ ಕಂಪೆನಿಯ ವೀಸಾಕ್ಕೆ ಕೈ ಹಾಕುವುದು ಎಂದು ಯೋಚಿಸುವ ಯುವಕ, ಸಂಬಳ ಎಷ್ಟು ಎಂದು ಕೇಳುವ ಮೊದಲು ಆ ಕಂಪೆನಿಯ ಕೆಲಸ ಇವೆರಡರಲ್ಲಿ ಯಾವುದು ಎಂದು ಕೇಳುವುದು ಒಳ್ಳೆಯದು.

ಬದಲಾಗುತ್ತಿರುವ ಕೆಲಸ

ಇದೇ ಸಚಿವರ ಖಾತೆಯೊಳಗೆ ಇನ್ನೊಂದು ಬದಲಾವಣೆ ನಡೆಯುತ್ತಿದೆ. 2030ರ ಹೊತ್ತಿಗೆ ದೇಶದ ವಿದ್ಯುತ್ತಿನಲ್ಲಿ ಅರ್ಧದಷ್ಟನ್ನು ಸೌರ, ಗಾಳಿ ಮೊದಲಾದ ಮೂಲಗಳಿಂದ ಪಡೆಯುವ ಗುರಿ ಸೌದಿಗಿದೆ. 2024ರ ಜನವರಿಯಲ್ಲಿ ಅರಾಮ್ಕೊದ ಉತ್ಪಾದನಾ ಸಾಮರ್ಥ್ಯವನ್ನು ದಿನಕ್ಕೆ 130 ಲಕ್ಷ ಬ್ಯಾರೆಲಿಗೆ ಏರಿಸುವ ಯೋಜನೆಯನ್ನು ಕೈಬಿಟ್ಟು 120 ಲಕ್ಷಕ್ಕೇ ನಿಲ್ಲಿಸಲು ಸರ್ಕಾರ ಹೇಳಿತು. ಹೊಸ ತೈಲ ಹೂಡಿಕೆ ನಿಲ್ಲಿಸಬೇಕೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಹೇಳಿದಾಗ ಅದನ್ನು ಸಿನಿಮಾ ಕತೆಗೆ ಹೋಲಿಸಿ ನಕ್ಕವರು ಇದೇ ಅಬ್ದುಲ್ ಅಝೀಝ್. ಆದರೂ ಅವರ ಖಾತೆಯಿಂದಲೇ ಸೌರ ವಿದ್ಯುತ್ತಿನ ಟೆಂಡರುಗಳು ಹೊರಡುತ್ತಿವೆ.

ಹಿಂದಿನ ತಲೆಮಾರಿನ ಬ್ಯಾರಿಗಳು ಡ್ರೈವರ್, ಸೇಲ್ಸ್‌ಮನ್, ಸ್ಟೋರ್ ಕೀಪರ್ ಆಗಿ ಹೋದರು. ಜುಬೈಲ್‌ನ ಕೈಗಾರಿಕಾ ನಗರದಲ್ಲಿ ಫಿಟ್ಟರ್, ವೆಲ್ಡರ್, ಸುರಕ್ಷತಾ ಅಧಿಕಾರಿಯಾಗಿ ಬೆಳೆದವರೂ ಇದ್ದಾರೆ. ಅಂಗಡಿ, ಕಚೇರಿ ಕೆಲಸಗಳು ಒಂದೊಂದಾಗಿ ಸೌದಿಗಳಿಗೆ ಮೀಸಲಾಗುತ್ತಿವೆ. ಅಲ್ಲಿನ ತರುಣ ತರುಣಿಯರಿಗೂ ಕೆಲಸ ಬೇಕಲ್ಲ, ಅದನ್ನು ದೂರಿ ಫಲವಿಲ್ಲ. ಪ್ರಮಾಣಪತ್ರ ಬೇಕಾಗುವ, ಕೈಚಳಕ ಬೇಕಾಗುವ ಕೆಲಸಗಳಲ್ಲಿ ಮಾತ್ರ ಹೊರಗಿನವರಿಗೆ ಜಾಗ ಉಳಿಯುತ್ತಿದೆ: ವಿದ್ಯುತ್ ಗ್ರಿಡ್, ಸೌರ ಸ್ಥಾವರ, ಉಪಕರಣಗಳ ನಿರ್ವಹಣೆ, ತಪಾಸಣೆ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಒಂದು ವರ್ಷ ಊರಲ್ಲೇ ಎಂಆರ್‌ಪಿಎಲ್ ಥರದ ಕಡೆ ಗುತ್ತಿಗೆ ಕೆಲಸದಲ್ಲಿ ಕಲಿತು, ಅನುಭವದ ಕಾಗದ ಹಿಡಿದು ಹೋದರೆ ಅವನ ಸ್ಥಿತಿ ಬೇರೆ. ಫ್ರೀ ವೀಸಾಕ್ಕೆ ಸಾಲ ಮಾಡಿ ಹೋಗುವವನ ಸ್ಥಿತಿ ಬೇರೆ.

ಊರಲ್ಲಿರುವ ಕುಟುಂಬಗಳಿಗೂ ಇದರಲ್ಲಿ ಒಂದು ಲೆಕ್ಕ ಇದೆ. ಬೆಲೆ 80 ಡಾಲರ್ ಇದ್ದ ವರ್ಷದ ಸಂಬಳ ನೋಡಿ 20 ವರ್ಷದ ಮನೆ ಸಾಲ ತೆಗೆದರೆ, 60 ಡಾಲರ್ ಆದ ವರ್ಷ ಕಂತು ಕಟ್ಟುವವರು ಯಾರು? 2016ರಲ್ಲಿ, 2020ರಲ್ಲಿ ಅರ್ಧಕ್ಕೆ ನಿಂತ ಮನೆಗಳು ಕರಾವಳಿಯುದ್ದಕ್ಕೂ ಈಗಲೂ ಕಾಣಸಿಗುತ್ತವೆ, ಕಬ್ಬಿಣದ ಸರಳು ಆಕಾಶಕ್ಕೆ ಚಾಚಿಕೊಂಡು.

ಮುಂದಿನ ಜಗಳ ಆಗಲೇ ಗೊತ್ತಾಗಿದೆ. ಪ್ರತಿ ಸದಸ್ಯ ದೇಶ ನಿಜವಾಗಿ ಎಷ್ಟು ತೈಲ ತೆಗೆಯಬಲ್ಲದು ಎಂದು ಅಳೆದು, ಅದರ ಮೇಲೆ 2027ರ ಕೋಟಾ ನಿಗದಿ ಮಾಡುವ ವಿಧಾನಕ್ಕೆ ಒಪೆಕ್ ಪ್ಲಸ್ 2025ರ ನವೆಂಬರ್ 30ರಂದು ಒಪ್ಪಿಗೆ ಕೊಟ್ಟಿತು. ಹೆಚ್ಚು ಸಾಮರ್ಥ್ಯ ತೋರಿಸಿದವರಿಗೆ ಹೆಚ್ಚು ಕೋಟಾ. ಇರಾಕ್‌ನಂಥ ದೇಶಗಳು ಹೆಚ್ಚು ಕೇಳುತ್ತವೆ. 2021ರ ಜುಲೈಯಲ್ಲಿ ಇದೇ ವಿಷಯಕ್ಕೆ ಯುಎಇ ಮತ್ತು ಸೌದಿ ನಡುವೆ ಬಹಿರಂಗ ಮನಸ್ತಾಪ ಆಗಿ ಎರಡು ವಾರ ಮಾತುಕತೆ ನಿಂತಿತ್ತು. ಕೋಟಾ ಹಂಚಿಕೆಯಲ್ಲಿ ಎಲ್ಲರನ್ನೂ ಹಿಡಿದಿಟ್ಟರೆ ಬೆಲೆ ನಿಲ್ಲುತ್ತದೆ, ಕೂಟ ಒಡೆದು ಎಲ್ಲರೂ ಟ್ಯಾಪು ತೆರೆದರೆ 2014ರ ದಾರಿಗೆ ಪುನಃ ಬಾಗಿಲು ತೆರೆಯುತ್ತದೆ. 1987ರಿಂದ ಒಂದೇ ಕಡತ ಹಿಡಿದು ಕೂತ ಆ ರಾಜಕುಮಾರನಿಗೆ ಇದು ಇನ್ನೊಂದು ಸಭೆ. ವೀಸಾ ಹೊಡೆಸಲು ಹೊರಟಿರುವವರು ಟಿಕೆಟ್ ದರದ ಜೊತೆಗೆ ಆ ಸಭೆಗಳ ಸುದ್ದಿಯನ್ನೂ ಓದಿಕೊಂಡು ಹೊರಡುವುದು ಮೇಲು.